ಸಿಂಪಿಗಳ ಸಾವು: ಸೋಂಕು, ಬೇನೆ, ಮಾರಣಹೋಮ – ಯಾವ ಪದ ಎಲ್ಲಿ?

ಎಲ್ಲರಿಗೂ ನಮಸ್ಕಾರ,

ಸಾಕಣೆಯ ಸಿಂಪಿಗಳಿಗೆ (ಆಯ್‌ಸ್ಟರ್ ಎಂಬ ಚಿಪ್ಪುಜೀವಿಗಳಿಗೆ) ಬರುವ ವೈರಸ್ ರೋಗದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಹಿನ್ನೆಲೆ ಗೊತ್ತಿಲ್ಲದೆ ಪದ ಆರಿಸುವುದು ಕಷ್ಟ, ಹಾಗಾಗಿ ವಿಷಯ ಮೊದಲು ಹೇಳುತ್ತೇನೆ.

ಹಲವಾರು ದೇಶಗಳಲ್ಲಿ ಸಾಕುವ ಸಿಂಪಿ ಎಂದರೆ ಪೆಸಿಫಿಕ್ ಸಿಂಪಿ. ಇದಕ್ಕೆ ತಗುಲುವ ಒಂದು ಹರ್ಪಿಸ್ ವೈರಸ್ ಇದೆ. 1991ರಲ್ಲೇ ಫ್ರಾನ್ಸ್ ಮತ್ತು ನ್ಯೂಜಿಲೆಂಡಿನ ಮರಿ ಕೇಂದ್ರಗಳಲ್ಲಿ ಇಂಥ ವೈರಸ್ ಕಂಡಿತ್ತು. 2008ರಲ್ಲಿ ಫ್ರಾನ್ಸಿನಲ್ಲಿ ಇದರ ಹೊಸ ತಳಿಯೊಂದು ಹಬ್ಬಿತು. ಆ ಬೇಸಿಗೆಯಲ್ಲಿ ಮರಿ ಮತ್ತು ಎಳೆಯ ಸಿಂಪಿಗಳು ಶೇ 40ರಿಂದ 100ರವರೆಗೂ ಸತ್ತವು. 2010ರಲ್ಲಿ ನ್ಯೂಜಿಲೆಂಡ್, ಅದೇ ವರ್ಷದ ಕೊನೆಯಲ್ಲಿ ಸಿಡ್ನಿಯ ಜಾರ್ಜಸ್ ನದಿ, 2013ರ ಜನವರಿಯಲ್ಲಿ ಸಿಡ್ನಿ ಹತ್ತಿರದ ಹಾಕ್ಸ್‌ಬರಿ ನದಿ, 2016ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ – ಹೀಗೆ ಒಂದೊಂದು ಕಡೆ ಇದು ಕಾಣಿಸಿಕೊಂಡಿತು. ಹಾಕ್ಸ್‌ಬರಿಯಲ್ಲಿ ಕೆಲವೇ ದಿನಗಳಲ್ಲಿ ಲಕ್ಷಾಂತರ ಸಿಂಪಿಗಳು ಹೋದವು. ವರ್ಷಗಟ್ಟಲೆ ಬೆಳೆಸಿದ್ದನ್ನು ಒಂದೇ ವಾರದಲ್ಲಿ ಕಳೆದುಕೊಂಡ ಸಾಕಣೆದಾರರ ಸ್ಥಿತಿ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಈಗ ಪದಗಳಿಗೆ ಬರುತ್ತೇನೆ. ಹೀಗೆ ರಾಶಿ ರಾಶಿಯಾಗಿ ಸಾಯುವುದಕ್ಕೆ ಪತ್ರಿಕೆಗಳು ಸಾಮಾನ್ಯವಾಗಿ ‘ಮಾರಣಹೋಮ’ ಎಂದು ಬರೆಯುತ್ತವೆ. ಕೆರೆಯಲ್ಲಿ ಮೀನು ಸತ್ತರೂ ಅದೇ ಪದ. ನನಗೆ ಇದು ಒಪ್ಪಿಗೆಯಿಲ್ಲ. ಮಾರಣಹೋಮ ಎಂದರೆ ಕೊಂದವನೊಬ್ಬ ಇರಬೇಕು, ಕೊಲ್ಲುವ ಉದ್ದೇಶ ಇರಬೇಕು. ಇಲ್ಲಿ ಎರಡೂ ಇಲ್ಲ. ‘ಸರಣಿ ಸಾವು’ ಎಂದರೆ ಒಂದಾದ ಮೇಲೊಂದು ಸಾಯುವುದು, ಅದೂ ಹೊಂದುವುದಿಲ್ಲ. ‘ಸಾಮೂಹಿಕ ಸಾವು’ ಸ್ವಲ್ಪ ಸಪ್ಪೆ ಅನ್ನಿಸಿದರೂ ಅರ್ಥ ಕೆಡಿಸುವುದಿಲ್ಲ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.

ನನ್ನ ನಿಜವಾದ ತೊಡಕು ಇರುವುದು ‘ಸೋಂಕು’ ಮತ್ತು ‘ರೋಗ’ದಲ್ಲಿ. ಬರಹಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ, ಅಲ್ವಾ? ‘ಸೋಂಕು ಬಂತು’ ಅಂದರೂ ‘ರೋಗ ಬಂತು’ ಅಂದರೂ ಓದುಗರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಸಿಂಪಿಯ ವಿಷಯದಲ್ಲಿ ಇವೆರಡರ ನಡುವಿನ ಅಂತರವೇ ಮುಖ್ಯ. ನೀರು ತಂಪಾಗಿದ್ದಾಗ ವೈರಸ್ ಒಳಗೆ ಇದ್ದರೂ ಸಿಂಪಿ ಬದುಕಿರಬಹುದು. ಯೂರೋಪಿನಲ್ಲಿ ನೀರಿನ ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಾವು ಶುರುವಾಗುತ್ತದೆ. ಅಂದರೆ ಅಲ್ಲಿಯವರೆಗೆ ಸೋಂಕು ಇದೆ, ರೋಗ ಇನ್ನೂ ಬಿದ್ದಿಲ್ಲ. ಸಾಕಣೆದಾರರು ಉಪಾಯ ಮಾಡುವುದೂ ಈ ಅಂತರದಲ್ಲೇ. ಬಿಸಿ ತಿಂಗಳು ಕಳೆದ ಮೇಲೆ ಮರಿ ಬಿಡುತ್ತಾರೆ. ಸಿಂಪಿಗಳಿರುವ ಬುಟ್ಟಿಗಳನ್ನು ಮೇಲಕ್ಕೆ ಕಟ್ಟಿ, ಅವು ನೀರಿನಲ್ಲಿ ಮುಳುಗಿರುವ ಹೊತ್ತನ್ನು ಕಡಿಮೆ ಮಾಡುತ್ತಾರೆ. ಬಿಸಿಲುಗಾಲದಲ್ಲಿ ಸಿಂಪಿಗಳನ್ನು ಜಾಸ್ತಿ ಮುಟ್ಟುವುದಿಲ್ಲ. ಎರಡು ಪದಗಳನ್ನು ಬೆರೆಸಿಬಿಟ್ಟರೆ ಇದೆಲ್ಲ ಯಾಕೆ ಮಾಡುತ್ತಾರೆ ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಹಾಗಾಗಿ ವೈರಸ್ ಒಳಹೊಕ್ಕಿರುವುದಕ್ಕೆ ‘ಸೋಂಕು’ ಎಂದೂ, ಅದು ಕಾಯಿಲೆಯಾಗಿ ಹೊರಬರುವುದಕ್ಕೆ ‘ಬೇನೆ’ ಎಂದೂ ಬಳಸಲೇ? ಬೇನೆ ಎಂದರೆ ನೋವು ಎಂಬ ಅರ್ಥವೂ ಇದೆ, ನಿಜ. ಆದರೆ ಕಾಲುಬಾಯಿ ಬೇನೆ, ಚಪ್ಪೆ ಬೇನೆ ಎಂದು ದನಗಳ ರೋಗಗಳಿಗೆ ಈ ಪದ ಎಂದಿನಿಂದಲೂ ಬಳಕೆಯಲ್ಲಿದೆ. ಸಾಕಿದ ಜೀವಕ್ಕೆ ಬರುವ ರೋಗ ಎಂಬ ಭಾವ ಅದರಲ್ಲಿದೆ. ಸಿಂಪಿಯೂ ಸಾಕಿದ ಜೀವವೇ ತಾನೇ?

ಇನ್ನೊಂದು ಪ್ರಶ್ನೆ ಇದಕ್ಕೇ ಅಂಟಿಕೊಂಡಿದೆ. ಆಸ್ಟ್ರೇಲಿಯಾದಲ್ಲಿ ಈ ರೋಗಕ್ಕೆ ಚುಟುಕಾಗಿ ‘ಪಾಮ್ಸ್’ ಎನ್ನುತ್ತಾರೆ. ಬಿಡಿಸಿದರೆ ಪೆಸಿಫಿಕ್ ಆಯ್‌ಸ್ಟರ್ ಮಾರ್ಟಾಲಿಟಿ ಸಿಂಡ್ರೋಮ್. ಸಿಂಡ್ರೋಮ್‌ಗೆ ನಿಘಂಟುಗಳಲ್ಲಿ ‘ಲಕ್ಷಣಕೂಟ’ ಎಂದಿದೆ. ಆದರೆ ಸಿಂಪಿ ತೋರಿಸುವ ಲಕ್ಷಣವಾದರೂ ಏನು? ಚಿಪ್ಪು ಮುಚ್ಚಿ ಹಿಡಿಯುವ ಸ್ನಾಯು ಸೋಲುತ್ತದೆ, ಬಾಯಿ ಬಿಡುತ್ತದೆ, ಸಾಯುತ್ತದೆ. ಯಾವ ಕಾರಣಕ್ಕೆ ಸತ್ತರೂ ಸಿಂಪಿ ಬಾಯಿ ಬಿಡುವುದೇ. ಕಣ್ಣಿಗೆ ಕಾಣುವುದು ಸಾವು ಮಾತ್ರ. ಹೀಗಿರುವಾಗ ಲಕ್ಷಣಕೂಟ ಎನ್ನುವುದು ಅರ್ಥವಿಲ್ಲದ ಪದವಾಗುತ್ತದೆ.

ಹಾಗಂತ ಸಿಂಡ್ರೋಮ್ ಎಂಬುದನ್ನು ಸುಮ್ನೆ ಬಿಟ್ಟುಬಿಡುವ ಹಾಗೂ ಇಲ್ಲ. ಇಲ್ಲಿ ಸಾವು ಒಂದೇ ಕಾರಣದಿಂದ ಬರುವುದಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಬಿಡಿಸಿ ತೋರಿಸಿತು. ವೈರಸ್ ಮೊದಲು ಸಿಂಪಿಯ ರಕ್ತಕಣಗಳನ್ನು ಹೊಗುತ್ತದೆ. ಅವುಗಳ ಕಾವಲು ಕುಸಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಒಳಗೆಲ್ಲ ಹಬ್ಬಿ ಸಿಂಪಿಯನ್ನು ಮುಗಿಸುತ್ತವೆ. ‘ವೈರಸ್ ಸಿಂಪಿಗಳನ್ನು ಕೊಂದಿತು’ ಎಂದು ಬರೆದರೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಮನಸ್ಸು ‘ಸಿಂಪಿ ಸಾವುಬೇನೆ’ ಎಂಬ ಜೋಡುಪದದ ಕಡೆಗೆ ವಾಲುತ್ತಿದೆ. ಯಾವ ಕಾರಣದ ಹೆಸರನ್ನೂ ಅದು ಹೊತ್ತಿಲ್ಲ. ಹೇಳುವುದಕ್ಕೂ ಸುಲಭ. ‘ಬೇಸಿಗೆ ಸಾವು’ ಎಂಬ ಸಲಹೆಯೂ ಬಂದಿತ್ತು. ಅದು ಬೇಡ. ಈ ವೈರಸ್ ಗೊತ್ತಾಗುವ ಎಷ್ಟೋ ಮೊದಲಿನಿಂದ, ಸೆಕೆ ಮತ್ತು ಮೊಟ್ಟೆಯಿಡುವ ಸುಸ್ತಿನಲ್ಲಿ ಸಿಂಪಿಗಳು ಸಾಯುವುದಕ್ಕೆ ಆ ಹೆಸರು ಬಳಕೆಯಲ್ಲಿದೆ.

ಒಂದು ಕಡೆ ಎಚ್ಚರ ಬೇಕು. ಹರ್ಪಿಸ್ ಎಂಬ ಪದ ಕಂಡ ಕೂಡಲೇ ‘ಸರ್ಪಸುತ್ತಿನ ವೈರಸ್’ ಎಂದು ಅನುವಾದಿಸುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಸರ್ಪಸುತ್ತು ತರುವ ವೈರಸ್ ಬೇರೆ ಕುಟುಂಬದ್ದು. ಸಿಂಪಿಯದು ಚಿಪ್ಪುಜೀವಿಗಳ ಹರ್ಪಿಸ್ ವೈರಸ್‌ಗಳ ಕುಟುಂಬ, ಮನುಷ್ಯರಿಗೆ ತಗುಲುವುದಿಲ್ಲ. ತಪ್ಪು ಪದದಿಂದ ಜನ ಸುಮ್ಮನೆ ಹೆದರುತ್ತಾರೆ, ಮೊದಲೇ ನಷ್ಟದಲ್ಲಿರುವ ಸಾಕಣೆದಾರರಿಗೆ ಇನ್ನೊಂದು ಪೆಟ್ಟು ಬೀಳುತ್ತದೆ.

ಕೊನೆಯದಾಗಿ ಸಿಂಪಿ ತಳಿಗಳ ಮಾತು. ಸಿಂಪಿಗೆ ನಮ್ಮಂತೆ ಪ್ರತಿಕಾಯ ತಯಾರಿಸುವ ಶಕ್ತಿ ಇಲ್ಲ, ಹಾಗಾಗಿ ಮಾಮೂಲಿ ಲಸಿಕೆ ನಡೆಯುವುದಿಲ್ಲ. ಬದುಕುಳಿದವುಗಳಿಂದ ಪೀಳಿಗೆ ಪೀಳಿಗೆಯಾಗಿ ಮರಿ ಮಾಡಿಸುತ್ತಾರೆ. ಇವುಗಳಲ್ಲಿ ಸಾವು ಕಡಿಮೆ, ಆದರೆ ಪೂರ್ತಿ ನಿಂತಿಲ್ಲ. ಇದಕ್ಕೆ ‘ರೋಗ ನಿರೋಧಕ ತಳಿ’ ಎಂದರೆ ರೋಗವೇ ಬರುವುದಿಲ್ಲ ಎಂಬ ಭರವಸೆ ಕೊಟ್ಟಂತೆ. ‘ರೋಗ ತಾಳುವ ತಳಿ’ ಎಂದರೆ ವೈರಸ್ ಒಳಗಿದ್ದೂ ಬದುಕುತ್ತದೆ ಎಂಬ ಅರ್ಥ ಬರುತ್ತದೆ. ಕೆಲವು ತಳಿಗಳು ವೈರಸ್ ಬೆಳೆಯುವುದನ್ನೇ ತಡೆಯುತ್ತವೆ, ಅವಕ್ಕೆ ಅದೂ ಹೊಂದುವುದಿಲ್ಲ. ಬೆಳೆ, ಬಿತ್ತನೆ ಬೀಜಗಳ ಬಗ್ಗೆ ಬರೆಯುವವರು ಈ ಬಳಗದಲ್ಲಿದ್ದೀರಿ. ಎರಡನ್ನೂ ಒಳಗೊಳ್ಳುವ ಪದ ನಿಮ್ಮ ಬಳಕೆಯಲ್ಲಿ ಇದೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.