ಅಪ್‌ಡೇಟ್: ಮಂಡಿ ನೋವಿರುವ ಅಮ್ಮನ ಜೊತೆ ಪ್ರಾಗ್ – ಕೊನೆಗೆ ಎಲ್ಲಿ ಉಳಿದೆವು?

ಹಿಂದೆ ಕೇಳಿದ್ದೆನಲ್ಲ, ಅಪ್ಪ-ಅಮ್ಮನ ಜೊತೆ ಪ್ರಾಗ್‌ಗೆ ಹೋಗ್ತಿದ್ದೀವಿ, ಅಮ್ಮನಿಗೆ ಮಂಡಿ ನೋವು, ಓಲ್ಡ್ ಟೌನ್‌ನಲ್ಲಿ ರೂಮ್ ಮಾಡೋದಾ ಬೇಡವಾ ಅಂತ. ಹೋಗಿ ಬಂದಾಯ್ತು.

ಓಲ್ಡ್ ಟೌನ್ ಬೇಡ, ವಿನೊಹ್ರಾಡಿ ಬಡಾವಣೆ ಕಡೆ ಉಳಿಯಿರಿ, ಓಡಾಟಕ್ಕೆ ಮೆಟ್ರೋ ಹಿಡಿಯಿರಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಮರಗಳ ಸಾಲು, ರಾತ್ರಿ ಗಲಾಟೆ ಇಲ್ಲ, ಲಿಫ್ಟ್ ಇರುವ ಮನೆಯೂ ಸಿಕ್ಕಿತು. ಓಲ್ಡ್ ಟೌನ್‌ನ ಕಲ್ಲು ಹಾಸಿನ ಮೇಲೆ ಸೂಟ್‌ಕೇಸ್ ಎಳೆಯುವವರನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು.

ಮೆಟ್ರೋ ಸಲಹೆ ಮಾತ್ರ ನಮಗೆ ಆಗಲಿಲ್ಲ. ಅಲ್ಲಿನ ನಾಮ್ಯೆಸ್ತಿ ಮಿರು ಚೌಕದ ಮೆಟ್ರೋ ನಿಲ್ದಾಣ 53 ಮೀಟರ್ ಆಳದಲ್ಲಿದೆ, ಎಸ್ಕಲೇಟರ್ 87 ಮೀಟರ್ ಉದ್ದ! ಓಡುವುದೂ ಜೋರಾಗಿ. ಅಮ್ಮ ಒಮ್ಮೆ ಕೆಳಗೆ ಇಣುಕಿ, "ನಾ ಒಲ್ಲೆಪ್ಪಾ" ಅಂದು ಕೈಕಂಬಿ ಬಿಟ್ಟು ವಾಪಸ್ ಬಂದರು. ಅದೇ ಚೌಕದಿಂದ 22ನೇ ನಂಬರ್ ಟ್ರಾಮ್ ಹತ್ತಿದೆವು. ನದಿ ದಾಟಿ, ಗುಡ್ಡ ಹತ್ತಿ, ಪ್ರಾಗ್ ಕೋಟೆಯ ಹತ್ತಿರವೇ ಇಳಿಸುತ್ತದೆ. ಪ್ರಾಜ್‌ಸ್ಕಿ ಹ್ರಾದ್ ಸ್ಟಾಪಿನಲ್ಲೇ ಇಳಿಯಿರಿ. ಮೊದಲೇ ಮಾಲೊಸ್ತ್ರಾನ್‌ಸ್ಕಾದಲ್ಲಿ ಇಳಿದರೆ ಮೆಟ್ಟಿಲು ಹತ್ತಬೇಕು. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿ.

ಓಲ್ಡ್ ಟೌನ್ ಹಾಲ್ ಗೋಪುರದಲ್ಲಿರುವ 1410ರ ಖಗೋಳ ಗಡಿಯಾರದ ಗೊಂಬೆಗಳ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕಾಗಿ ಅಷ್ಟು ನೂಕುನುಗ್ಗಲು ಸುಮ್ನೆ ಅಲ್ವಾ? ಆದರೆ ಅದೇ ಗೋಪುರದೊಳಗೆ ಲಿಫ್ಟ್ ಇದೆ ಅಂತ ಯಾರೂ ಹೇಳಿರಲಿಲ್ಲ! ಮೇಲಿನಿಂದ ಕೆಂಪು ಹೆಂಚಿನ ಊರು ನೋಡಿ ಅಮ್ಮ ಇಳಿಯಲೇ ಒಪ್ಪಲಿಲ್ಲ.

ಹಾಂ, ಅಲ್ಲಿ ನಡೆಯುವ ಹಣ ಚೆಕ್ ಕೊರುನಾ, ಯೂರೋ ಅಲ್ಲ.