ಪಚ್ಚೆಗೆ ಮೊದಲು ಕಾವು ಕೊಡ್ರಿ, ಬಾಯಿಗೆ ಏನೂ ಹಾಕಬ್ಯಾಡ್ರಿ

ಸುಮಾ, ನಿನ್ನ ವಿಡಿಯೋ ಈಗ ನೋಡ್ದೆ ತಾಯಿ. ನಿಲ್ಲಿಸಿ ನಿಲ್ಲಿಸಿ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗ್ತೈತಿ, ಅದಕ್ಕೆ ವಾಯ್ಸ್‌ನಲ್ಲೇ ಹೇಳ್ತೀನಿ. ಉದ್ದ ಆಗ್ತೈತಿ, ಪೂರ್ತಿ ಕೇಳ್ರಿ. ಮೇಲಿನ ಮೆಸೇಜ್ ನೋಡದೇ ಇರೋರಿಗೆ ಹೇಳ್ತೀನಿ: ಸುಮಾನ ಮಗ ಚೇತು ಸಾಕಿರೋ ಇಗ್ವಾನಾ, ಅಂದ್ರೆ ಪರದೇಶದ ದೊಡ್ಡ ಹಲ್ಲಿ ಜಾತಿ, ಹೆಸರು ಪಚ್ಚೆ, ಕೆಲವು ದಿನದಿಂದ ಮೇವು ಮುಟ್ಟಿಲ್ಲ. ಇವತ್ತು ಸಂಜೆಯಿಂದ ಬೆರಳು ಅದುರ್ತಾ ಇದಾವೆ, ಹಿಂಗಾಲು ಎಳೀತೈತಿ, ದವಡೆ ಊದೈತಿ. ಈ ರಾತ್ರಿ ಏನು ಮಾಡ್ಲಿ ಅಂತ ಸುಮಾ ಕೇಳಿದಾಳೆ. ಅಷ್ಟರಲ್ಲಿ ಗ್ರೂಪ್‌ನಲ್ಲಿ ಅರಿಶಿನದ ನೀರು, ಓಆರ್‌ಎಸ್, ಕ್ಯಾಲ್ಸಿಯಂ ಮಾತ್ರೆ, ಬೇವಿನ ಹೊಗೆ, ಎಲ್ಲ ಬಂದು ಬಿದ್ದಾವೆ. ಒಬ್ಬರಂತೂ ಕುಂದವಾಡ ಕೆರೆ ದಂಡೆಗೆ ಬಿಟ್ಟು ಬಾ ಅಂದಿದೀರಿ. ಅದಕ್ಕೆ ಆಮೇಲೆ ಬರ್ತೀನಿ.

ಸುಮಾ, ನೀನು ಮೊದಲು ಒಂದು ಕೆಲಸ ಮಾಡು, ಆಮೇಲೆ ಕೂತು ಉಳಿದಿದ್ದು ಕೇಳು. ಅದಕ್ಕೆ ಕಾವು ಕೊಡು. ಇದು ಪುಷ್ಯದ ಚಳಿ, ರಾತ್ರಿ ನಿಮ್ಮ ಹಾಲ್‌ನಲ್ಲಿ ನಮಗೇ ಸ್ವೆಟರ್ ಬೇಕು. ಇಗ್ವಾನಾ ಮೈ ತಾನಾಗೇ ಬಿಸಿ ಆಗೋ ಮೈ ಅಲ್ಲ. ಹೊರಗೆ ತಣ್ಣಗಿದ್ರೆ ಒಳಗೂ ತಣ್ಣಗೆ. ಕರುಳು ಅರಗಿಸಲ್ಲ, ರೋಗದ ಜೊತೆ ಹೊಡೆದಾಡೋ ಶಕ್ತಿ ಇರಲ್ಲ, ಡಾಕ್ಟರ್ ಕೊಟ್ಟ ಔಷಧಿ ಸಹ ಸರಿಯಾಗಿ ಮೈಗೆ ಹತ್ತಲ್ಲ. ಅದಕ್ಕೇ ಊಟ, ನೀರು, ಔಷಧಿ ಎಲ್ಲದಕ್ಕೂ ಮುಂಚೆ ಕಾವು.

ಹೆಂಗೆ ಅಂದ್ರೆ, ದೊಡ್ಡ ರಟ್ಟಿನ ಪೆಟ್ಟಿಗೆ ತಗೋ, ಮಿಕ್ಸಿ ಬಂದಿದ್ದೋ ಟಿವಿ ಬಂದಿದ್ದೋ ಇರ್ತೈತಲ್ಲ, ಅದು. ಒಳಗೆ ಹಳೇ ಟವಲ್ ಹಾಸು. ಬಿಸಿನೀರಿನ ಚೀಲ ಐತೇನು, ನಿಮ್ಮ ಅತ್ತೆ ಮಂಡಿಗೆ ಇಟ್ಕೊಳ್ತಾರಲ್ಲ? ಅದಕ್ಕೆ ಕುದಿಯೋ ನೀರು ಬ್ಯಾಡ, ಕೈ ತಡೆಯೋ ಅಷ್ಟು ಬಿಸಿ ಸಾಕು. ಟವಲ್‌ನಲ್ಲಿ ಎರಡು ಸುತ್ತು ಸುತ್ತಿ ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ಇಡು. ಇನ್ನೊಂದು ಪಕ್ಕ ಖಾಲಿ ಇರಲಿ. ಅರವತ್ತು ವ್ಯಾಟಿನ ಹಳೇ ನಮೂನೆ ಬಲ್ಬ್ ಇದ್ರೆ ಮೇಲಿಂದ, ದೂರದಿಂದ ಬಿಡು. ಎಲ್‌ಇಡಿ ಬಲ್ಬ್‌ನಲ್ಲಿ ಕಾವು ಬರಲ್ಲ, ಅದನ್ನ ಹಾಕ್ಕೊಂಡು ಕೂರಬ್ಯಾಡ್ರಿ. ಪಚ್ಚೆ ಇರೋ ಜಾಗದಲ್ಲಿ ನಿನ್ನ ಕೈ ಹಿಂಭಾಗ ಇಟ್ಟು ನೋಡು. ಸ್ವಲ್ಪ ಹೊತ್ತಿಗೇ ಚುರ್ ಅಂದ್ರೆ ಬಲ್ಬ್ ಹತ್ರ ಆಯ್ತು ಅಂತ ಅರ್ಥ. ಚೆನ್ನಾಗಿರೋ ಪ್ರಾಣಿ ಬಿಸಿ ಆದ್ರೆ ಪಕ್ಕಕ್ಕೆ ಸರಿತೈತಿ, ಇದು ಈಗ ಸರಿಯೋ ಸ್ಥಿತೀಲಿ ಇಲ್ಲ, ಮಲಗಿದಲ್ಲೇ ಸುಟ್ಕೊಳ್ತೈತಿ. ಪೆಟ್ಟಿಗೆ ಒಳಗೆ 28ರಿಂದ 30 ಡಿಗ್ರಿಗೆ ನಿಧಾನಕ್ಕೆ, ಒಂದೆರಡು ತಾಸು ಹಿಡಿದು ಏರಲಿ. ಹೇರ್ ಡ್ರೈಯರ್, ಒಲೆ ಪಕ್ಕ, ಇಂಥವು ಬ್ಯಾಡ.

ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಹಿಡಿದು ಕೂರಬ್ಯಾಡ, ಅದು 32ಕ್ಕಿಂತ ಕೆಳಗೆ ಲೋ ಅಂತ ತೋರಿಸಿ ಸುಮ್ಮನಾಗ್ತೈತಿ. ವಿದ್ಯಾನಗರದ ನಮ್ಮ ಮನೇಲಿ ಕೋಳಿಮರಿ ಕಾವಿನ ಪೆಟ್ಟಿಗೆಗೆ ಇಟ್ಟಿದ್ದ ಥರ್ಮಾಮೀಟರ್ ಐತಿ, ಅಡುಗೆಮನೆ ಅಟ್ಟದ ಮೇಲೆ. ಬೀಗದ ಕೈ ಪಕ್ಕದ ಮನೆಯೋರ ಹತ್ರ ಐತಿ. ಪ್ರವೀಣ, ನೀನು ಈ ಗ್ರೂಪ್ ನೋಡ್ತಿದ್ರೆ ಬೈಕ್ ತೆಗಿ, ಅದನ್ನ ಪಿ.ಜೆ. ಬಡಾವಣೆಗೆ, ಸುಮಾನ ಮನೆಗೆ ಮುಟ್ಟಿಸು. ನಾನು ದುರ್ಗದಲ್ಲಿ ಮಗಳ ಮನೇಲಿ ಇದೀನಿ, ಇಲ್ಲಾಂದ್ರೆ ನಾನೇ ಬಂದುಬಿಡ್ತಿದ್ದೆ.

ಈಗ ಬಾಯಿ ವಿಷಯ. ಅತ್ತಿಗೆಯವ್ರೇ, ಅರಿಶಿನದ ನೀರು ಬ್ಯಾಡ್ರಿ. ಮಾವಾರೇ, ಓಆರ್‌ಎಸ್ ಡ್ರಾಪರ್‌ನಲ್ಲಿ ಹಾಕು ಅಂದ್ರಲ್ಲ, ಅದೂ ಬ್ಯಾಡ್ರಿ. ನಿಮ್ಮ ಮನಸ್ಸು ಒಳ್ಳೇದು, ಆದ್ರೆ ಈ ಪ್ರಾಣಿಗೆ ಉಸಿರಿನ ದಾರಿ ನಾಲಿಗೆ ಬುಡದಲ್ಲೇ ತೆರೆದಿರ್ತೈತಿ. ಬಾಯಿ ಬಿಡಿಸಿ ಸುರಿದ್ರೆ ನೇರ ಶ್ವಾಸಕೋಶಕ್ಕೆ. ಅದುರ್ತಾ ಇರೋ ಪ್ರಾಣಿಗೆ ನುಂಗೋ ಹಿಡಿತಾನೂ ಇರಲ್ಲ. ಜೊತೆಗೆ ಪಚ್ಚೆ ದವಡೆ ಮೂಳೆ ಈಗ ಸೊರಗಿ ರಬ್ಬರ್‌ನಂಗೆ ಮೆತ್ತಗಾಗಿರ್ತೈತಿ. ಬಾಯಿ ತೆಗೆಸೋಕೆ ಹೋದ್ರೆ ದವಡೆನೇ ಮುರಿತೈತಿ. ಪ್ಯಾರಾಸಿಟಮಾಲ್, ಮನೇಲಿ ಉಳಿದಿರೋ ಆಂಟಿಬಯಾಟಿಕ್, ಫಿಟ್ಸ್ ಮಾತ್ರೆಯ ಚೂರು, ಯಾವುದೂ ಬ್ಯಾಡ. ಬೇವಿನ ಹೊಗೆ ಅಂತೂ, ಯಾರು ಹೇಳಿದ್ರೋ, ಸುಮ್ನಿರ್ರಿ.

ನೀರು ಬೇಕೇ ಬೇಕು ಅನ್ನಿಸಿದ್ರೆ, ಮೈ ಕಾವು ಬಂದ ಮೇಲೆ, ಫಿಟ್ಸ್ ಇಲ್ದೇ ತಲೆ ಎತ್ತಿ ಹಿಡ್ಕೊಂಡಿದ್ರೆ ಮಾತ್ರ, ಒಂದು ಪ್ಲಾಸ್ಟಿಕ್ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು, ಅದರ ಎದೆಗಿಂತ ಕೆಳಗೆ ಇರಲಿ, ಹದಿನೈದು ನಿಮಿಷ ಕೂರಿಸು. ಕೈ ಬಿಡಬ್ಯಾಡ. ತನಗೆ ಬೇಕಾದ್ರೆ ತಾನೇ ಕುಡಿತೈತಿ. ತಲೆ ವಾಲಿಸ್ತಾ ಇದ್ರೆ ನೀರಿಗೆ ಇಳಿಸಲೇಬ್ಯಾಡ, ಎರಡಿಂಚು ನೀರಲ್ಲೂ ಮುಳುಗ್ತೈತಿ.

ಎತ್ತೋವಾಗ ಎರಡೂ ಕೈಯಲ್ಲಿ, ಎದೆ ಕೆಳಗೊಂದು, ಸೊಂಟದ ಕೆಳಗೊಂದು. ಬಾಲ ಹಿಡಿದ್ರೆ ಬಾಲ ಕೈಗೆ ಬರ್ತೈತಿ. ಚೇತುಗೆ ಹೇಳು, ಪದೇ ಪದೇ ಎತ್ತಿ ಮುದ್ದಾಡಬ್ಯಾಡ ಅಂತ. ಈಗ ಅದರ ಮೂಳೆ ಒಂದೊಂದೂ ಮುರಿಯೋ ಸ್ಥಿತೀಲಿ ಇರಬಹುದು.

ಯಾಕೆ ಹಿಂಗಾಯ್ತು ಅಂತ ಚೇತು ಕೇಳ್ತಾ ಇದಾನಲ್ಲ, ಹೇಳ್ತೀನಿ. ನಾನು ಇಡೀ ಸರ್ವೀಸು ದನ ಎಮ್ಮೆ ನೋಡಿದೋನು, ಇಗ್ವಾನಾ ಸ್ಪೆಷಲಿಸ್ಟ್ ಅಲ್ಲ. ಆದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಪ್ರಾಣಿ ಹೆಂಗೆ ಅದುರ್ತೈತಿ ಅನ್ನೋದು ನನ್ನ ಕಣ್ಣಿಗೆ ಗೊತ್ತು. ಈದ ಹಸುವಿಗೆ ಹಾಲುಜ್ವರ ಬಂದಾಗ ಮೊದಲು ಮೈ ನಡುಗ್ತೈತಿ, ಆಮೇಲೆ ಕುಸಿದು ಕತ್ತು ಪಕ್ಕೆಗೆ ತಿರುಗಿಸಿ ಮಲಗ್ತೈತಿ. ಹಸುವಿಗೆ ಅದು ಒಂದೆರಡು ದಿನದ ಕಥೆ. ಪಚ್ಚೆಗೆ ತಿಂಗಳುಗಟ್ಟಲೆ ನಡೆದ ಕಥೆ. ತಿನ್ನೋದ್ರಲ್ಲಿ ಕ್ಯಾಲ್ಸಿಯಂ ಕಮ್ಮಿ, ಇದ್ದಿದ್ದು ಹೀರ್ಕೊಳ್ಳೋಕೆ ಬೇಕಾದ ವಿಟಮಿನ್ ಡಿ3 ಇಲ್ಲ. ಆಗ ಮೈ ತನ್ನ ಮೂಳೆ ಕರಗಿಸಿ ರಕ್ತಕ್ಕೆ ಕೊಡ್ತೈತಿ. ಮೂಳೆ ಖಾಲಿಯಾದ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬ್ಕೊಂಡು ತೊಡೆ, ದವಡೆ ದಪ್ಪ ಕಾಣ್ತೈತಿ. ದೀಪಾವಳಿ ಫೋಟೋ ಹಾಕಿದ್ಯಲ್ಲ ಸುಮಾ, ಕಾಲು ದುಂಡಗೆ ಆಗ್ಯಾವೆ, ಮೈ ಹಿಡಿದೈತಿ ಅಂತ ಎಲ್ಲರೂ ಹಾರ್ಟ್ ಒತ್ತಿದ್ವಿ. ಆ ದುಂಡಗಿದ್ದಿದ್ದು ಮಾಂಸ ಅಲ್ಲ.

ಬಿಸಿಲು ಬರೋ ಕಿಟಕಿ ಹತ್ರಾನೇ ಇಟ್ಟಿದೀವಿ ದೊಡ್ಡಪ್ಪ ಅಂತ ಬರೆದಿದೀಯ. ಬಿಸಿಲು ಬರ್ತೈತಿ, ಅದರೊಳಗಿನ ಯುವಿಬಿ ಅನ್ನೋ ಕಣ್ಣಿಗೆ ಕಾಣದ ಕಿರಣ ಗಾಜು ದಾಟಲ್ಲ. ಆ ಕಿರಣ ಚರ್ಮಕ್ಕೆ ಬಿದ್ರೇನೇ ಡಿ3 ತಯಾರಾಗೋದು. ನಿಮ್ಮದು ಕಿಟಕಿ ಗಾಜು ಒಂದು, ಅದರ ಪೆಟ್ಟಿಗೆ ಗಾಜು ಇನ್ನೊಂದು. ದಾವಣಗೆರೆ ಬಿಸಿಲಿಗೆ ಬರ ಇಲ್ಲ, ಆದ್ರೆ ಪಚ್ಚೆ ಮೈಗೆ ಮುಟ್ಟಿದ್ದು ಬೆಳಕು ಮಾತ್ರ. ಹಂಗಂತ ಬೆಳಿಗ್ಗೆ ಆ ಗಾಜಿನ ಪೆಟ್ಟಿಗೇನೇ ತಗೊಂಡೋಗಿ ಟೆರೇಸ್ ಮೇಲೆ ಇಡಬ್ಯಾಡ್ರಿ ಮತ್ತೆ, ಒಳಗೆ ಬೆಂದು ಹೋಗ್ತೈತಿ.

ಮೇವು? ನೀವು ಹಾಕ್ತಿದ್ದಿದ್ದು ಪಾಲಕ್, ಎಲೆಕೋಸು, ಸೌತೆಕಾಯಿ, ಭಾನುವಾರ ಬೇಯಿಸಿದ ಮೊಟ್ಟೆ. ಪಾಲಕ್‌ನಲ್ಲಿರೋ ಆಕ್ಸಲೇಟ್ ಇದ್ದಬದ್ದ ಕ್ಯಾಲ್ಸಿಯಂ ಹಿಡ್ಕೊಂಡು ಹೊರಗೆ ಹಾಕ್ತೈತಿ. ಸೌತೆಕಾಯಿ ಬರೀ ನೀರು. ಮೊಟ್ಟೆ ಅದಕ್ಕೆ ಊಟಾನೇ ಅಲ್ಲ, ಇದು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಮರದ ಮೇಲೆ ಎಲೆ ತಿಂದು ಬದುಕೋ ಪ್ರಾಣಿ, ಜಾಸ್ತಿ ಪ್ರೋಟೀನ್ ಆದ್ರೆ ಕಿಡ್ನಿಗೆ ಏಟು. ಎಲ್ಲಕ್ಕಿಂತ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ, ನಿಮ್ಮ ಹಿತ್ತಲಲ್ಲೇ ನುಗ್ಗೆ ಮರ ಐತಿ, ಗೇಟ್ ಹತ್ರ ದಾಸವಾಳ ಐತಿ. ನುಗ್ಗೆ ಸೊಪ್ಪು, ದಾಸವಾಳದ ಎಲೆ ಹೂವು, ಇದಕ್ಕಿಂತ ಒಳ್ಳೇ ಮೇವು ದುಡ್ಡು ಕೊಟ್ರೂ ಸಿಗಲ್ಲ. ಮಾರಿದೋನು ಅದನ್ನೊಂದು ಮಾತು ಹೇಳಿಲ್ಲ ನೋಡು. ಈಗ ಮಾತ್ರ ಅದನ್ನೂ ತುರುಕಬ್ಯಾಡ, ಡಾಕ್ಟರ್ ಹೇಳೋವರೆಗೂ.

ಹಂಗಾದ್ರೆ ಕ್ಯಾಲ್ಸಿಯಂ ಇಂಜೆಕ್ಷನ್ ನೀವೇ ಹೇಳಿಬಿಡ್ರಿ, ನಮ್ಮ ಕಾಂಪೌಂಡರ್ ಹಾಕ್ತಾನೆ ಅಂತ ಒಬ್ಬರು ಕೇಳಿದೀರಿ. ಹೇಳಲ್ಲ. ಹಸುವಿಗೇ ನಾವು ನರಕ್ಕೆ ಕ್ಯಾಲ್ಸಿಯಂ ಬಿಡೋವಾಗ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಕೊಂಡು ನಿಧಾನಕ್ಕೆ ಬಿಡ್ತಿದ್ವಿ, ಜೋರಾದ್ರೆ ಹೃದಯ ನಿಲ್ತೈತಿ. ಇದು ಗ್ರಾಂ ಲೆಕ್ಕದ ಪ್ರಾಣಿ. ಇನ್ನೊಂದು, ಕಿಡ್ನಿ ಕೆಟ್ಟಿದ್ರೂ ಇದೇ ಥರ ಅದುರ್ತೈತಿ, ಆಗ ರಕ್ತದಲ್ಲಿ ರಂಜಕ ಏರಿರ್ತೈತಿ, ಅದರ ಮೇಲೆ ಕ್ಯಾಲ್ಸಿಯಂ ಸುರಿದ್ರೆ ಮತ್ತಷ್ಟು ಹಾಳು. ಎಕ್ಸ್‌ರೇ, ರಕ್ತ ಪರೀಕ್ಷೆ ನೋಡಿದೋರು ಹೇಳಬೇಕಾದ ಮಾತು ಅದು.

ಎಲ್ಲಿಗೆ ಹೋಗೋದು? ನಮ್ಮೂರ ಪಶು ಆಸ್ಪತ್ರೆ ಡಾಕ್ಟರ್‌ಗೆ ಬೆಳಿಗ್ಗೆ ತೆರೆಯೋ ಹೊತ್ತಿಗೇ ತೋರಿಸು, ಮೊದಲ ಹಂತದ ಉಪಚಾರ ಅವರೂ ಮಾಡಬಹುದು. ಅವರು ನಾನು ಇಂಥದ್ದು ನೋಡಿಲ್ಲ ಅಂದ್ರೆ ಬೇಜಾರಾಗಬ್ಯಾಡ, ಪ್ರಾಮಾಣಿಕರು ಹಂಗೇ ಹೇಳೋದು. ಬೆಂಗಳೂರಲ್ಲಿ ಇಂಥ ಪ್ರಾಣಿ ನೋಡೋ ಖಾಸಗಿ ಡಾಕ್ಟರ್ ಇದಾರೆ, ಅವರಿಗೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಿಸು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಐತಿ, ಬೆಂಗಳೂರಿನ ಹೆಬ್ಬಾಳದಲ್ಲೂ ಐತಿ. ಹೊರಡೋಕೆ ಮುಂಚೆ ಇಗ್ವಾನಾ ನೋಡೋರು ಇವತ್ತು ಇದಾರಾ ಅಂತ ಫೋನಲ್ಲಿ ಕೇಳ್ಕೊಳ್ರಿ. ಶಿವಮೊಗ್ಗ ಹತ್ರ, ಬೆಂಗಳೂರು ಇನ್ನೂರೈವತ್ತು ಕಿಲೋಮೀಟರ್ ಮೇಲೆ. ಆನಗೋಡು ಝೂಗೆ ಕೊಡು ಅಂದೋರಿಗೆ, ಝೂ ಅಂದ್ರೆ ಸಾಕುಪ್ರಾಣಿ ಆಸ್ಪತ್ರೆ ಅಲ್ಲಪ್ಪಾ.

ಬೆಳಗಾಗೋವರೆಗೂ ಕಾಯಬಾರದ ಲಕ್ಷಣ ಕೇಳ್ಕೋ: ಫಿಟ್ಸ್ ನಿಲ್ಲದೇ ಬರೋದು, ಬಾಯಿ ತೆರೆದು ಎಳೆದೆಳೆದು ಉಸಿರಾಡೋದು, ಮುಟ್ಟಿದ್ರೂ ಅಲುಗದೇ ಇರೋದು. ಇದ್ರಲ್ಲಿ ಒಂದು ಕಂಡ್ರೂ ರಾತ್ರೀನೇ ಗಾಡಿ ತೆಗೀರಿ, ಹೋಗ್ತಾ ಹೋಗ್ತಾ ಫೋನ್ ಮಾಡ್ರಿ. ಹಿಂದಗಡೆಯಿಂದ ಕೆಂಪಗೆ ಏನಾದ್ರೂ ಹೊರಬಂದಿದ್ರೂ ಅಷ್ಟೇ. ಅದನ್ನ ಒಳಗೆ ತಳ್ಳಬ್ಯಾಡ, ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಸುತ್ತಿ ಒಣಗದಂಗೆ ನೋಡ್ಕೋ. ದಾರೀಲಿ ಅದೇ ರಟ್ಟಿನ ಪೆಟ್ಟಿಗೆ, ಗಾಳಿಗೆ ತೂತು, ಪಕ್ಕದಲ್ಲಿ ಬಿಸಿನೀರಿನ ಚೀಲ, ಕಾರಿನ ಎಸಿ ಬಂದ್. ಫ್ಲಾಸ್ಕ್‌ನಲ್ಲಿ ಬಿಸಿನೀರು ಇಟ್ಕೊಂಡ್ರೆ ಚೀಲ ಆರಿದಾಗ ಬದಲಾಯಿಸಬಹುದು. ಡಾಕ್ಟರ್‌ಗೆ ಕೊಡೋಕೆ ಅದರ ತೂಕ ಬೇಕು. ಅಡುಗೆ ತಕ್ಕಡಿಯಲ್ಲಿ ಡಬ್ಬಿ ಸಮೇತ ತೂಗಿ ಡಬ್ಬಿ ಕಳೆ. ಕೊನೇ ಸಲ ತಿಂದಿದ್ದು ಯಾವಾಗ, ಹೊರಕಡೆ ಹೋಗಿದ್ದು ಯಾವಾಗ, ಈ ನಡುಗೋ ವಿಡಿಯೋ, ಅದರ ಗಾಜಿನ ಪೆಟ್ಟಿಗೆ ಫೋಟೋ, ಇಷ್ಟು ಫೋನಲ್ಲಿ ರೆಡಿ ಇರಲಿ.

...ಏ, ಒಂದ್ನಿಮಿಷ ಕುಕ್ಕರ್ ಆರಿಸ್ರವ್ವಾ, ಸದ್ದಿಗೆ ಏನೂ ಕೇಳ್ತಿಲ್ಲ... ಹಾಂ.

ಕಾಗದಪತ್ರದ ಹೆದರಿಕೆ ಇದ್ದಂಗೈತಿ ಸುಮಾನ ಗಂಡನಿಗೆ. ಉಡ, ಗೋಸುಂಬೆ ನಮ್ಮ ಕಾಡಿನವು, ಅವನ್ನ ಮನೇಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇಗ್ವಾನಾ ಪರದೇಶದ್ದು. ಅದನ್ನ ಇಟ್ಕೊಳ್ಳಬಹುದು, ಆದ್ರೆ 2022ರ ತಿದ್ದುಪಡಿ, 2024ರ ನಿಯಮ ಬಂದ ಮೇಲೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಆಗಿಲ್ಲ ಅಂದ್ರೆ ಆಮೇಲೆ ವಕೀಲರನ್ನ ಕೇಳಿ ಸರಿಮಾಡ್ಕೊಳ್ರಿ, ಅದಕ್ಕೆ ಹೆದರಿ ಚಿಕಿತ್ಸೆ ತಡ ಮಾಡಬ್ಯಾಡ್ರಿ. ಕುಂದವಾಡ ಕೆರೆಗೆ ಬಿಡೋ ಮಾತು ಮಾತ್ರ ಇನ್ನೊಂದ್ಸಲ ಈ ಗ್ರೂಪ್‌ನಲ್ಲಿ ಬರಬಾರದು. ಈ ಸ್ಥಿತೀಲಿ ಬಿಟ್ರೆ ನಾಯಿ ಪಾಲು. ಚೆನ್ನಾಗಿರೋದನ್ನ ಬಿಟ್ರೂ ತಪ್ಪೇ, ಪರದೇಶದ ಪ್ರಾಣಿ ಇಲ್ಲಿ ಬೇರು ಬಿಟ್ರೆ ಇಲ್ಲಿನವಕ್ಕೆ ಕುತ್ತು. ಹಲ್ಲಿ ಜಾತಿ ಮನೇಲಿ ಸತ್ರೆ ಅಪಶಕುನ ಅಂದವ್ರಿಗೆ ನನ್ನ ಹತ್ರ ಉತ್ತರ ಇಲ್ಲ, ರಾತ್ರಿ ಆಗೈತಿ, ಮಲಗ್ರಿ.

ಕೈ ತೊಳೆಯೋದು ಮರೀಬ್ಯಾಡ ಸುಮಾ. ಇವುಗಳ ಹೊಟ್ಟೇಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರ್ತೈತಿ, ಅವಕ್ಕೆ ಏನೂ ಆಗಲ್ಲ, ನಮಗೆ ಭೇದಿ ಹಚ್ಚುತ್ತೆ. ಮನೇಲಿ ಪುಟ್ಟಿ ಅಷ್ಟು ಸಣ್ಣೋಳು, ನಿಮ್ಮತ್ತೆ ವಯಸ್ಸಾದೋರು. ಟಬ್ ತೊಳೆಯೋದು ಬಚ್ಚಲಲ್ಲಿ, ಅಡುಗೆಮನೆ ಸಿಂಕ್‌ನಲ್ಲಿ ಅಲ್ಲ. ಅಡುಗೆ ತಕ್ಕಡೀನೂ ಡಬ್ಬಿ ಕೆಳಗೆ ಪೇಪರ್ ಹಾಸಿ ಬಳಸು.

ಚೇತು, ನೀನು ಕೇಳ್ತಿದ್ರೆ ನಿನಗೊಂದು ಮಾತು. ಉಳಿತೈತಾ ಅಂತ ಕೇಳಿದ್ಯಲ್ಲ ಮಗಾ. ನಾನು ಗ್ಯಾರಂಟಿ ಕೊಡಲ್ಲ. ಬೇಗ ಡಾಕ್ಟರ್ ಕೈ ಸೇರಿದ್ರೆ ಇಂಥವು ಎಷ್ಟೋ ಬದುಕ್ಯಾವೆ. ಬದುಕಿದ್ರೂ ಬಗ್ಗಿದ ಮೂಳೆ ನೆಟ್ಟಗಾಗಲ್ಲ, ದವಡೆ ಸ್ವಲ್ಪ ಸೊಟ್ಟಗೇ ಇರ್ತೈತಿ, ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಯುವಿಬಿ ದೀಪ ತರಬೇಕು, ಆ ದೀಪ ಉರೀತಾ ಇದ್ರೂ ಆರು ತಿಂಗಳು, ವರ್ಷದೊಳಗೆ ಅದರ ಕಿರಣ ಸೊರಗ್ತೈತಿ, ಬದಲಾಯಿಸ್ತಾ ಇರಬೇಕು. ದಿನಾ ನುಗ್ಗೆ ಸೊಪ್ಪು ಕಿತ್ಕೊಂಡು ಬರೋದು ನಿನ್ನ ಕೆಲಸ, ಅಮ್ಮಂದಲ್ಲ.

ಸುಮಾ, ಪೆಟ್ಟಿಗೆ ರೆಡಿ ಆದ ಮೇಲೆ ಒಂದು ಫೋಟೋ ಹಾಕು, ಬಲ್ಬ್ ಎಷ್ಟು ದೂರ ಐತಿ ನೋಡ್ತೀನಿ. ಗ್ರೂಪ್‌ನಲ್ಲಿ ಬ್ಯಾಡ, ನನಗೆ ನೇರ ಕಳಿಸು. ಫೋನ್ ಸೈಲೆಂಟ್ ಮಾಡಲ್ಲ, ಎಷ್ಟು ಹೊತ್ತಿಗಾದ್ರೂ ಮಾಡು. ಪ್ರವೀಣ, ಹೊರಟ್ಯಾ?