ಪದಚರ್ಚೆ: ನೆರೆ ಇಳಿದ ಮೇಲಿನ ಬದುಕಿಗೆ ‘ಪರಿಹಾರ’ ಎಂಬ ಒಂದೇ ಪದ ಸಾಕೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಲಪ್ರಭಾ ದಂಡೆಯ ಗ್ರಾಮ ಪಂಚಾಯಿತಿಗಳ ಸ್ವಯಂಸೇವಕರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ನೆರೆ ಬರುವ ಮೊದಲು ಊರು ಏನೇನು ಮಾಡಿಕೊಂಡಿರಬೇಕು, ನೀರು ಇಳಿದ ಮೇಲೆ ಮನೆ, ಹೊಲ, ದನಕರು, ಶಾಲೆಗಳನ್ನು ಮತ್ತೆ ನೆಲೆಗೆ ತರುವುದು ಹೇಗೆ ಎಂಬುದು ಅದರ ವಿಷಯ. ಮೂಲದಲ್ಲಿ ಬೇರೆ ಬೇರೆಯಾಗಿರುವ ಮೂರು ನಾಲ್ಕು ಪರಿಕಲ್ಪನೆಗಳು ನನ್ನ ಕರಡಿನಲ್ಲಿ ಮತ್ತೆ ಮತ್ತೆ ‘ಪರಿಹಾರ’ ಎಂಬ ಒಂದೇ ಪದಕ್ಕೆ ಬಂದು ಸೇರುತ್ತಿವೆ. ಇದರಿಂದಾಗುತ್ತಿರುವ ತೊಡಕನ್ನು ವಿವರಿಸಿ, ನಿಮ್ಮ ನಿಮ್ಮ ಕಡೆ ಬಳಕೆಯಲ್ಲಿರುವ ಮಾತುಗಳನ್ನು ಕೇಳಿ ತಿಳಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

‘ಪರಿಹಾರ’ ಹಳೆಯ ಪದ. ದೂರ ಮಾಡುವುದು, ತೊಲಗಿಸುವುದು ಎಂಬುದು ಅದರ ಮೂಲಾರ್ಥ. ನಮ್ಮ ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ವಾಗಿ ಭೂಮಿಯನ್ನು ಬಿಟ್ಟರು ಎಂದಿದ್ದರೆ, ತೆರಿಗೆಯೇ ಮೊದಲಾದ ಎಲ್ಲ ಹೊರೆಗಳಿಂದ ಆ ಭೂಮಿಗೆ ಬಿಡುಗಡೆ ಕೊಟ್ಟರು ಎಂದೇ ಅರ್ಥ. ಇಂದು ಗಣಿತದ ಲೆಕ್ಕಕ್ಕೂ ಪರಿಹಾರವಿದೆ, ಗ್ರಹದೋಷಕ್ಕೂ ಪರಿಹಾರವಿದೆ. ನೆರೆಯ ಸಮಯದಲ್ಲಿ ಹಂಚುವ ಅಕ್ಕಿ, ಚಾದರ, ಕುಡಿಯುವ ನೀರು ‘ಪರಿಹಾರ ಸಾಮಗ್ರಿ’ ಎನಿಸಿಕೊಳ್ಳುತ್ತವೆ, ಬಿದ್ದ ಮನೆಗೆ ಸರ್ಕಾರ ಕೊಡುವ ಹಣವೂ ಪರಿಹಾರವೇ. ಆದರೆ ಹಳ್ಳಿಯ ಮಾತಿನಲ್ಲಿ ಈ ಕೊನೆಯ ಅರ್ಥ ಉಳಿದೆಲ್ಲವನ್ನೂ ಹಿಂದಕ್ಕೆ ತಳ್ಳಿದೆ. ‘ಪರಿಹಾರ ಬಂತೇನ್ರಿ?’ ಎಂದು ಒಬ್ಬರು ಕೇಳಿದರೆ, ಖಾತೆಗೆ ದುಡ್ಡು ಬಿತ್ತೇ ಎಂದು ಕೇಳಿದಂತೆ. ಕರಡಿನ ಒಂದು ಭಾಗವನ್ನು ಊರೊಂದರ ಕಟ್ಟೆಯ ಮೇಲೆ ಓದಿ ಹೇಳಿದಾಗ, ‘ಪರಿಹಾರ ಕಾರ್ಯವು ಕನಿಷ್ಠ ಎರಡು ವರ್ಷ ನಡೆಯಬೇಕು’ ಎಂಬ ವಾಕ್ಯವನ್ನು ಕೇಳಿದವರು ಎರಡು ವರ್ಷ ಕಂತಿನಲ್ಲಿ ಹಣ ಬರುತ್ತದೆ ಎಂದು ತಿಳಿದರು. ಅವರು ತಪ್ಪು ತಿಳಿಯಲಿಲ್ಲ. ನಾನೇ ಅವರ ಭಾಷೆಯಲ್ಲಿ ಬೇರೆಯದನ್ನು ಹೇಳಿಬಿಟ್ಟಿದ್ದೆ. ಹಾಗಾಗಿ ಮೊದಲ ದಿನಗಳಲ್ಲಿ ಬೇಕಾಗುವುದಕ್ಕೆ ‘ತುರ್ತು ನೆರವು’ ಎಂದೂ ಹಣಕ್ಕೆ ಮಾತ್ರ ‘ನಷ್ಟ ಪರಿಹಾರ’ ಎಂದೂ ಬಳಸಲು ನಿರ್ಧರಿಸಿದ್ದೇನೆ. ಇವೆರಡರ ಬಗ್ಗೆ ನನಗೆ ಗೊಂದಲವಿಲ್ಲ.

ಕಷ್ಟವಿರುವುದು ಮೂರನೆಯದರಲ್ಲಿ, ಅಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಆ ನಿಧಾನದ ಕೆಲಸಕ್ಕೆ ಏನೆಂದು ಹೆಸರಿಡಬೇಕು ಎಂಬುದರಲ್ಲಿ. ‘ಪುನರ್ವಸತಿ’ ಎಂದು ಬರೆಯೋಣವೆಂದರೆ, ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬಾಗಲಕೋಟೆ ಸೀಮೆಯವರಿಗೆ ಅದು ಹಳೆಯ ಊರನ್ನು ಬಿಟ್ಟು ‘ಪುನರ್ವಸತಿ ಕೇಂದ್ರ’ಕ್ಕೆ ಹೋಗುವುದೆಂದೇ ಕೇಳಿಸುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಬಿಡದೆ ಸುರಿದ ಮಳೆಗೆ ಉತ್ತರ ಕರ್ನಾಟಕದ ಮೇಲ್ಮುದ್ದೆಯ, ಅಂದರೆ ಚಾವಣಿಗೂ ಮಣ್ಣು ಹಾಕಿದ, ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದಾಗ, ಸರ್ಕಾರವೂ ದಾನಿಗಳೂ ಸೇರಿ ‘ಆಸರೆ’ ಎಂಬ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಿದರು. ಎತ್ತರದ ಜಾಗದಲ್ಲಿ ಹೊಸದಾಗಿ ಎದ್ದ ಊರುಗಳಿಗೆ ‘ನವಗ್ರಾಮ’ ಎಂದು ಕರೆದರು. ಎರಡೂ ಒಳ್ಳೆಯ ಹೆಸರುಗಳೇ, ಅದರಲ್ಲೂ ‘ಆಸರೆ’ ಮನಸ್ಸಿಗೆ ಹತ್ತಿರವಾದ ಪದ. ಆದರೆ ಹೊಲ ದೂರವಾಯಿತು, ದನ ಕಟ್ಟಲು, ಬಣವೆ ಒಟ್ಟಲು ಜಾಗವಿಲ್ಲ, ನೀರಿನ ಅನುಕೂಲವಿಲ್ಲ ಎಂಬ ಕಾರಣಗಳಿಂದ ಅನೇಕ ಕಡೆ ಜನ ಹಳೆಯ ಊರಿನಲ್ಲಿಯೇ ಉಳಿದರು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳು ಮತ್ತೆ ಉಕ್ಕಿದಾಗ ನೀರು ಅದೇ ಓಣಿಗಳಿಗೆ ನುಗ್ಗಿತು. ಮನೆ ಕಟ್ಟಿಕೊಡುವುದೇ ಒಂದು, ಬದುಕು ಮತ್ತೆ ನಿಲ್ಲುವುದೇ ಇನ್ನೊಂದು ಎಂಬುದು ಅನುಭವದಿಂದ ಗೊತ್ತಾಗಿರುವಾಗ, ಪದದಲ್ಲಿಯೂ ಆ ಭೇದ ಕಾಣಬೇಕಲ್ಲವೇ?

ಪತ್ರಿಕೆಗಳು ‘ಚೇತರಿಕೆ’ ಎನ್ನುತ್ತವೆ. ಅದು ರೋಗಿಗೂ ಷೇರುಪೇಟೆಗೂ ಸಲ್ಲುವ ಪದವಾದ್ದರಿಂದ ಊರಿಗೂ ಸಲ್ಲಬಹುದು. ಆದರೂ ನನ್ನ ಒಲವು ‘ಸುಧಾರಿಸಿಕೊಳ್ಳುವುದು’ ಎಂಬುದರ ಕಡೆಗಿದೆ. ಓಡಿ ಬಂದವನಿಗೆ ‘ಸ್ವಲ್ಪ ಸುಧಾರಿಸಿಕೋ’ ಎನ್ನುತ್ತೇವೆ, ಹೆರಿಗೆಯಾದವಳು ಸುಧಾರಿಸಿಕೊಂಡಳೇ ಎಂದು ವಿಚಾರಿಸುತ್ತೇವೆ. ಅದೇ ಧಾತುವಿನಲ್ಲಿ ಮೊದಲಿಗಿಂತ ಉತ್ತಮವಾಗುವ ಅರ್ಥವೂ ಅಡಗಿದೆ. 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿದ ವಿಪತ್ತು ಅಪಾಯ ತಗ್ಗಿಸುವ ಚೌಕಟ್ಟು, ಕಳೆದುಕೊಂಡದ್ದನ್ನು ಹಿಂದಿಗಿಂತ ಚೆನ್ನಾಗಿ ಕಟ್ಟಿಕೊಳ್ಳಬೇಕು ಎನ್ನುತ್ತದೆ. ಅದು ನಾಲ್ಕಾರು ಪದಗಳಲ್ಲಿ ಹೇಳುವುದನ್ನು ನಮ್ಮ ಈ ಒಂದು ಕ್ರಿಯಾಪದ ತನ್ನೊಳಗೇ ಇಟ್ಟುಕೊಂಡಿದೆ. ತೊಡಕು ಒಂದೇ: ಇದನ್ನು ನಾಮಪದ ಮಾಡಹೊರಟರೆ ‘ಸುಧಾರಣೆ’ ಎಂದಾಗಿ, ಭೂಸುಧಾರಣೆ, ಆಡಳಿತ ಸುಧಾರಣೆಗಳ ಕಡೆಗೆ ಸರಿದುಹೋಗುತ್ತದೆ. ಆದ್ದರಿಂದ ಅಧ್ಯಾಯದ ಹೆಸರಿನಲ್ಲಿಯೂ ಕ್ರಿಯೆಯನ್ನೇ ಉಳಿಸಿಕೊಂಡು ‘ಊರು ಸುಧಾರಿಸಿಕೊಳ್ಳುವ ಬಗೆ’ ಎಂದು ಬರೆದಿದ್ದೇನೆ.

ಇನ್ನು ‘ರೆಸಿಲಿಯನ್ಸ್’, ಅಂದರೆ ಪೆಟ್ಟು ತಿಂದರೂ ಮತ್ತೆ ಎದ್ದು ನಿಲ್ಲುವ ಗುಣ, ಎಂಬುದಕ್ಕೆ ಕೆಲವು ಬರಹಗಳಲ್ಲಿ ‘ಸ್ಥಿತಿಸ್ಥಾಪಕತ್ವ’ ಎಂದಿರುವುದನ್ನು ನೋಡಿದ್ದೇನೆ. ಇದು ಶಾಲೆಯ ಭೌತವಿಜ್ಞಾನದ ಪದ. ಎಳೆದ ರಬ್ಬರು ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುವ ಗುಣ. ಪದ ಕಠಿಣವಾಗಿದೆ ಎಂಬುದಷ್ಟೇ ನನ್ನ ಆಕ್ಷೇಪವಲ್ಲ, ಅರ್ಥವೇ ಇಲ್ಲಿ ಹೊಂದುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಭಾಗಗಳಲ್ಲಿ ಬೆಟ್ಟವೇ ಜರಿದು ತೋಟ, ಮನೆಗಳನ್ನು ಕೊಚ್ಚಿಕೊಂಡು ಹೋದ ಮೇಲೆ, ಅಲ್ಲಿನವರು ಮೊದಲಿನ ಸ್ಥಿತಿಗೆ ಮರಳುವುದು ಹೇಗೆ? ಅದೇ ಇಳಿಜಾರನ್ನು ಅದೇ ರೀತಿ ಕಡಿದು ಮನೆ ಕಟ್ಟುವುದು ಮತ್ತೆ ಅಪಾಯವನ್ನು ಕರೆದಂತೆ. ಬದಲಾಗಿಯೂ ಬಾಳುವುದನ್ನು ಹೇಳುವ ಪದ ನಮಗೆ ಬೇಕು. ಎಡವಿದವನು ಬೀಳದಂತೆ ಮೈ ಹಿಡಿದು ನಿಲ್ಲುವುದಕ್ಕೂ, ಮನೆಯಲ್ಲಿ ಸಾವಾದವರು ನಿಧಾನವಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕೂ ನಾವು ‘ಸಾವರಿಸಿಕೊಳ್ಳು’ ಎನ್ನುತ್ತೇವೆ. ಮರಾಠಿಯಲ್ಲಿಯೂ ಇದಕ್ಕೆ ಹೊಂದುವ ಕ್ರಿಯಾಪದವಿದೆ. ‘ತಾಳಿಕೆ’ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿಯನ್ನು ಹೇಳಿದರೆ, ‘ಸಾವರಿಸಿಕೊಳ್ಳುವುದು’ ಪೆಟ್ಟಿನ ಮರುಗಳಿಗೆಯನ್ನು ಹೇಳುತ್ತದೆ. ಎರಡನ್ನೂ ಕೂಡಿಸಿ ‘ತಾಳಿ ಸಾವರಿಸಿಕೊಳ್ಳುವ ಶಕ್ತಿ’ ಎಂದರೆ ಉದ್ದವಾಯಿತೇ?

ಸಿದ್ಧತೆಯ ಕಡೆಗೂ ಒಂದು ಗೊಂದಲವಿದೆ. ‘ಮುನ್ನೆಚ್ಚರಿಕೆ ನೀಡಲಾಗಿದೆ’ ಎಂದಾಗ ಅದು ಅಧಿಕಾರಿಗಳು ಹೊರಡಿಸುವ ಸೂಚನೆ, ‘ಮುನ್ನೆಚ್ಚರಿಕೆ ವಹಿಸಿ’ ಎಂದಾಗ ಜನ ಮಾಡಬೇಕಾದ ಕೆಲಸ. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ ಯಾರು ಏನು ಮಾಡಬೇಕು ಎಂಬುದೇ ಮಸುಕಾಗುತ್ತದೆ. ಹವಾಮಾನದ ಮಾತಿಗೆ ‘ಮುನ್ಸೂಚನೆ’, ಅಣೆಕಟ್ಟೆಯಿಂದ ನೀರು ಬಿಡುವ ಮೊದಲು ಡಂಗುರ ಸಾರಿ ಹೇಳುವುದಕ್ಕೆ ‘ಎಚ್ಚರಿಕೆ’, ಮನೆಯವರು ಕಾಗದಪತ್ರ ಕಟ್ಟಿಡುವುದು, ಬಿತ್ತನೆ ಬೀಜವನ್ನು ಅಟ್ಟಕ್ಕೇರಿಸುವುದು, ಮೇವನ್ನು ದಿಬ್ಬಕ್ಕೆ ಸಾಗಿಸುವುದು ಇವಕ್ಕೆ ‘ಮುಂಜಾಗ್ರತೆ’ ಎಂದು ಹಂಚಿಕೊಂಡಿದ್ದೇನೆ. ಬರಕ್ಕೆಂದು ಜೋಳ ತುಂಬಿಡುತ್ತಿದ್ದ ‘ಹಗೇವು’, ಕಷ್ಟಕಾಲಕ್ಕೆಂದು ಮುಟ್ಟದೆ ಇಡುವ ‘ಆಪದ್ಧನ’, ಇವು ಈ ಬಗೆಯ ಜಾಗ್ರತೆಗೆ ನಮ್ಮವರೇ ಕೊಟ್ಟ ಹೆಸರುಗಳು. ಉದಾಹರಣೆಯಾಗಿ ಅವನ್ನು ಸೇರಿಸಿದ್ದೇನೆ.

ಪದ ಬದಲಾದರೆ ಏನು ಮಹಾ ಆಗುತ್ತದೆ ಎಂದು ಕೇಳುವವರಿಗೆ ನಾನು ‘ಗಂಜಿ ಕೇಂದ್ರ’ದ ಕಡೆಗೆ ಕೈ ತೋರಿಸುತ್ತೇನೆ. ಕುಚ್ಚಲಕ್ಕಿ ಗಂಜಿ ಕರಾವಳಿಯಲ್ಲಿ ದಿನನಿತ್ಯದ ಊಟ, ಅದರಲ್ಲಿ ಯಾವ ಕೀಳರಿಮೆಯೂ ಇಲ್ಲ. ರೊಟ್ಟಿ ಉಣ್ಣುವ ಸೀಮೆಯಲ್ಲಿ ಗಂಜಿ ಕಾಯಿಲೆಯವರ, ಇಲ್ಲದವರ ಆಹಾರ. ಗಂಜಿ ಕೇಂದ್ರಕ್ಕೆ ಹೋಗಿ ತಟ್ಟೆ ಹಿಡಿಯುವುದು ಸ್ವಂತ ಹೊಲದಲ್ಲಿ ಬೆಳೆದುಂಡವರಿಗೆ ನುಂಗಲಾರದ ತುತ್ತು. ಈಗ ಅದೇ ಜಾಗಕ್ಕೆ ‘ಕಾಳಜಿ ಕೇಂದ್ರ’ ಎಂಬ ಹೆಸರು ಬಂದಿದೆ, ಜನರೂ ಒಪ್ಪಿದ್ದಾರೆ. ಇದೇ ಕಾರಣಕ್ಕೆ ‘ಸಂತ್ರಸ್ತ’ ಎಂಬ ಪದವೂ ನನಗೆ ಸಮಾಧಾನ ತರುತ್ತಿಲ್ಲ. ಹೆದರಿ ನಡುಗಿದವನು ಎಂಬುದು ಅದರ ಧಾತ್ವರ್ಥ. ನೀರು ನುಗ್ಗಿದ ರಾತ್ರಿ ಅದು ನಿಜವಿರಬಹುದು, ಆದರೆ ಹತ್ತು ವರ್ಷ ಕಳೆದು, ಎರಡು ಬೆಳೆ ತೆಗೆದು, ಮಗಳ ಮದುವೆ ಮಾಡಿದವರನ್ನೂ ದಾಖಲೆಗಳು ಸಂತ್ರಸ್ತರೆಂದೇ ಕರೆಯುತ್ತವೆ.

ನನ್ನ ಪ್ರಶ್ನೆಗಳು ಇವು. ನೆರೆಗೆ ಬೆಳಗಾವಿ ಕಡೆ ‘ಮಹಾಪೂರ’ ಎಂದೂ ಹೊಳೆಸಾಲಿನಲ್ಲಿ ಬರಿದೇ ‘ಹೊಳಿ ಬಂತು’ ಎಂದೂ ಹೇಳುವಂತೆ, ಮಣ್ಣು ಜಾರುವುದಕ್ಕೆ ಕೊಡಗಿನಲ್ಲಿ ‘ಬರೆ ಕುಸಿತ’, ಮಲೆನಾಡಿನಲ್ಲಿ ‘ಧರೆ ಕುಸಿತ’, ಕರಾವಳಿಯಲ್ಲಿ ‘ಗುಡ್ಡ ಜರಿತ’ ಎನ್ನುವಂತೆ, ಆಮೇಲೆ ಸುಧಾರಿಸಿಕೊಳ್ಳುವುದಕ್ಕೂ ನಿಮ್ಮ ಸೀಮೆಯಲ್ಲಿ ಬೇರೆಯೇ ಮಾತಿದೆಯೇ? ‘ಸಾವರಿಸಿಕೊಳ್ಳು’ ಎಂಬುದು ದಕ್ಷಿಣದ ಜಿಲ್ಲೆಗಳ ಹಳ್ಳಿಗಳಲ್ಲಿ ಒಬ್ಬ ಮನುಷ್ಯನ ಬಗ್ಗೆಯಲ್ಲದೆ ಇಡೀ ಊರಿನ ಬಗ್ಗೆಯೂ ಸಹಜವಾಗಿ ಕೇಳಿಸುತ್ತದೆಯೇ? ‘ಸಂತ್ರಸ್ತ’ದ ಬದಲಿಗೆ ‘ನೆರೆ ಕಂಡವರು’ ಎಂದು ಬರೆದರೆ, ನೋಡಿದವರು ಎಂಬ ಅರ್ಥ ಬಂದು ನಷ್ಟದ ಭಾರ ತೇಲಿಹೋಗುತ್ತದೆಯೇ? ಕರಡು ಮುಂದಿನ ಮುಂಗಾರಿಗೆ ಮೊದಲು ಅಚ್ಚಿಗೆ ಹೋಗಬೇಕಾಗಿದೆ; ಬಳಕೆಯ ಒಂದು ವಾಕ್ಯವನ್ನೂ, ಅದು ಯಾವ ತಾಲ್ಲೂಕಿನ ಮಾತು ಎಂಬುದನ್ನೂ ಸೇರಿಸಿ ಬರೆದರೆ ನನಗೆ ಬಹಳ ಉಪಕಾರವಾಗುತ್ತದೆ.